ಸುಸ್ಥಿತಿಯವರ ಸೋಫಾ

ಲಾಂಡ್ರಿಯ ಹಿಂದಿನ ಗಲ್ಲಿಯಲ್ಲಿ ಎದುರುಬದುರಾಗಿ ಎರಡು ಸಾಲು ಮನೆಗಳು. ಸಾಲಿಗೆ ಹನ್ನೆರಡು. ಎಡಗಡೆ ಗುಡ್ಡದವರು, ಬಲಗಡೆ ದಂಡೆಯವರು. ಇಬ್ಬರೂ ಈ ಊರಿನವರಲ್ಲ. ಇಪ್ಪತ್ತು ವರ್ಷದ ಹಿಂದೆ ಯಂತ್ರ ತಂದು ಗುಡ್ಡದವರ ಗುಡ್ಡವನ್ನು ಒಡೆದು ಲಾರಿಗೆ ತುಂಬಿದರು. ಆ ಲಾರಿಗಳು ಸೀದಾ ಹೋಗಿ ದಂಡೆಯವರ ದಂಡೆಯ ಮೇಲೆ ಕಲ್ಲು ಸುರಿದವು. ಅಲ್ಲಿ ಹಡಗುಕಟ್ಟೆ ಎದ್ದಿತು. ಗುಡ್ಡ ಹೋದವರೂ ದಂಡೆ ಹೋದವರೂ ಒಂದೇ ಗಲ್ಲಿಗೆ ಬಂದು ಬಿದ್ದರು. ಕಲ್ಲು ಮಾರಿದವನು ಎಲ್ಲಿದ್ದಾನೆ, ಕಟ್ಟೆ ಕಟ್ಟಿದವನು ಎಲ್ಲಿದ್ದಾನೆ ಎಂದು ಯಾರೂ ವಿಚಾರಿಸುವುದಿಲ್ಲ. ಆದರೆ ನಲ್ಲಿಯ ಹತ್ತಿರ ಕೊಡಕ್ಕೆ ಕೊಡ ತಾಗಿದರೆ ಸಾಕು.

"ನಿಮ್ಮ ಗುಡ್ಡದ ಕಲ್ಲೇ ಅಲ್ವೇನೇ ನಮ್ಮ ಮನೆ ಹಾಳು ಮಾಡಿದ್ದು?"

"ನಿಮ್ಮ ಕಡಲಿನ ಹೊಟ್ಟೆ ತುಂಬ್ಸೋಕೆ ನಮ್ಮ ಗುಡ್ಡಾನೇ ಬೇಕಾಗಿತ್ತಾ?"

ಎಡಸಾಲಿನ ನಾಲ್ಕನೇ ಮನೆಯ ಸೊಸೆಯನ್ನು ಗಲ್ಲಿಯೆಲ್ಲ ಗಿಡ್ಡಕ್ಕ ಎಂದು ಕರೆಯುತ್ತದೆ. ಗಂಡ ಲಾಂಡ್ರಿಯ ವ್ಯಾನಿಗೆ ಮೂಟೆ ಹೇರುವವನು. ಅವಳು ಒಳಗೆ ಮಡಿಸುವ ವಿಭಾಗದಲ್ಲಿ. ಹೋಟೆಲುಗಳ ದೊಡ್ಡ ಬೆಡ್‌ಶೀಟುಗಳು ಬಿಸಿ ರೋಲರಿನ ಬಾಯಿಂದ ಗರಿಗರಿಯಾಗಿ ಹೊರಬರುತ್ತವೆ. ಅವನ್ನು ಒಬ್ಬರೇ ಮಡಿಸಲಾಗದು. ಈ ತುದಿಯ ಎರಡು ಮೂಲೆ ಒಬ್ಬಳು, ಆ ತುದಿಯ ಎರಡು ಮೂಲೆ ಇನ್ನೊಬ್ಬಳು ಹಿಡಿದು ಜಗ್ಗಬೇಕು, ಎದುರುಬದುರು ನಡೆದು ಬಂದು ಉಸಿರು ತಾಗುವಷ್ಟು ಹತ್ತಿರ ನಿಂತು ಮೂಲೆ ಒಪ್ಪಿಸಬೇಕು, ಮತ್ತೆ ಹಿಂದೆ ಸರಿಯಬೇಕು. ದಿನಕ್ಕೆ ಆರುನೂರು ಸಲ. ಗಿಡ್ಡಕ್ಕನ ಜೋಡಿ ಬಲಸಾಲಿನ ಉದ್ದಕ್ಕ. ಅವಳ ಹೆಸರೇ ಹೇಳುವಂತೆ, ಬಾಗಿಲು ದಾಟುವಾಗ ತಲೆ ತಗ್ಗಿಸುವ ಹೆಂಗಸು.

"ಕೈ ಎತ್ತೇ, ಬೆಡ್‌ಶೀಟು ನೆಲ ಗುಡಿಸ್ತಾ ಇದೆ" ಎಂದು ಉದ್ದಕ್ಕ ದಿನಕ್ಕೆ ಹತ್ತು ಸಲವಾದರೂ ಹೇಳುತ್ತಾಳೆ.

"ನಂಗೆ ಕೈ ಇರೋದೇ ಇಷ್ಟು ಕಣೇ. ನೀನೇ ಆ ಅಟ್ಟದಿಂದ ಒಂದೆರಡು ಮೆಟ್ಟಿಲು ಇಳಿದು ಬಾ" ಎಂದು ಗಿಡ್ಡಕ್ಕ.

ಗಲ್ಲಿಯ ತುದಿಯಲ್ಲಿ ಸರ್ಕಾರಿ ಕಚೇರಿಯವರು ನಡೆಸುವ ಒಂದು ದೊಡ್ಡ ಕೋಣೆಯಿದೆ. ಮಕ್ಕಳ ಮನೆ ಎನ್ನುತ್ತಾರೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಎರಡು ಸಾಲಿನ ನಲವತ್ತು ಮಕ್ಕಳನ್ನು ಒಬ್ಬ ಆಯಾ ನೋಡಿಕೊಳ್ಳುತ್ತಾಳೆ, ಪುಕ್ಕಟೆಯಾಗಿ. ಗಿಡ್ಡಕ್ಕನ ಮೂರು ವರ್ಷದ ಪುಟ್ಟಿ ಅಲ್ಲಿರುತ್ತಾಳೆ. ಉದ್ದಕ್ಕನ ಮಗನೂ ಅಲ್ಲೇ. ಆ ಕೋಣೆ ಇಲ್ಲದಿದ್ದರೆ ಗಿಡ್ಡಕ್ಕನಿಗೆ ಕೆಲಸವಿಲ್ಲ. ಯಾಕೆಂದರೆ ಅತ್ತೆಯ ಮಂಡಿ ಮಡಚುವುದಿಲ್ಲ, ಪುಟ್ಟಿಯ ಕಾಲು ಒಂದು ಕಡೆ ನಿಲ್ಲುವುದಿಲ್ಲ, ಮನೆಯ ಹಿಂದಿನ ಚರಂಡಿಗೆ ಮುಚ್ಚಳವಿಲ್ಲ.

ಇಂಥ ಗಲ್ಲಿಗೆ ಒಂದು ಭಾನುವಾರ ಅದೇ ಕಚೇರಿಯ ಗಣತಿಯವನು ಬರುತ್ತಾನೆಂದು ಸುದ್ದಿ ಬಂತು. ಎರಡು ವಲಸೆ ಸಮುದಾಯಗಳ ಆರ್ಥಿಕ ಸುಸ್ಥಿತಿಯ ತುಲನಾತ್ಮಕ ಸಮೀಕ್ಷೆ ಎಂದು ಅದರ ಹೆಸರು.

"ತುಲನಾತ್ಮಕ ಅಂದ್ರೇನೇ?" ಎಂದಳು ಅತ್ತೆ.

"ಹೋಲಿಸೋದಂತೆ ಅತ್ತೆ. ನಾವು ಚೆನ್ನಾಗಿದ್ದೀವೋ, ಎದುರು ಸಾಲಿನವರು ಚೆನ್ನಾಗಿದ್ದಾರೋ ಅಂತ."

ಅತ್ತೆಯ ಮುಖ ಅರಳಿತು. ಇಪ್ಪತ್ತು ವರ್ಷದಿಂದ ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ಕಾದು ಕೂತಿದ್ದವಳು ಅವಳು.

ಎಡಸಾಲಿನವರಿಗೆ ಒಂದು ಅಭ್ಯಾಸವಿತ್ತು. ಯಾರ ಮನೆಗಾದರೂ ಹೊರಗಿನವರು ಬಂದರೆ ಆ ಮನೆ ಬರಿದಾಗಿ ಕಾಣಬಾರದು. ಪಕ್ಕದ ಮನೆಯ ಕುರ್ಚಿ, ಆಚೆ ಮನೆಯ ಗಾಜಿನ ಲೋಟ, ಕೊನೆಯ ಮನೆಯ ಹೂವಿನ ಪರದೆ ಎಲ್ಲವೂ ಹಿಂಬಾಗಿಲಿನಿಂದ ಸದ್ದಿಲ್ಲದೆ ಬಂದು ಸೇರುತ್ತಿದ್ದವು. ಬಂದವರು ಹೋದ ಮೇಲೆ ಹಾಗೆಯೇ ಹೊರಟುಹೋಗುತ್ತಿದ್ದವು. ಗುಡ್ಡ ಬಿಟ್ಟು ಬರುವಾಗ ಯಾರ ತಲೆಯ ಮೇಲೆ ಯಾರ ಗಂಟು ಎಂದು ನೋಡದೆ ಹೊತ್ತಿದ್ದರಲ್ಲ, ಅಂದಿನಿಂದ ಅಂಟಿದ ಅಭ್ಯಾಸ. ಸಾಲಿನ ಸಿರಿಯೆಂದರೆ ಐದನೇ ಮನೆಯ ಡ್ರೈವರಣ್ಣನ ಕೆಂಪು ಸೋಫಾ. ಯಾವುದೋ ಹೋಟೆಲಿನವರು ಹೊರಗೆಸೆದದ್ದು. ಮೂವರು ಕೂರಬಹುದು, ಮಧ್ಯದಲ್ಲಿ ಕೂತವನು ಮಾತ್ರ ಸ್ವಲ್ಪ ಮುಳುಗುತ್ತಾನೆ.

ಶನಿವಾರ ಮಧ್ಯಾಹ್ನ ಬೆಡ್‌ಶೀಟಿನ ಮೂಲೆ ಒಪ್ಪಿಸುತ್ತ ಉದ್ದಕ್ಕ ಕೇಳಿದಳು:

"ಲೇ, ಮನೆಗೆ ಸುಣ್ಣ ಹೊಡೆಸ್ತಿದ್ದೀವಿ. ನಮ್ಮ ಟೀವಿ, ಫ್ಯಾನು ನಾಲ್ಕು ದಿನ ನಿಮ್ಮನೇಲಿ ಇಡ್ಲಾ?"

"ಅದಕ್ಕೇನು, ತಂದಿಡು."

"ನಮ್ಮ ಸಾಲಿನ ಉಳಿದೋರದ್ದೂ ಇದೆ. ನಿಮ್ಮ ಸಾಲಿನಲ್ಲಿ ಹಂಚಿ ಇಡೋಕಾಗತ್ತಾ?"

"ಹನ್ನೆರಡು ಮನೆಗೂ ಒಟ್ಟಿಗೇ ಸುಣ್ಣಾನಾ?"

"ಒಟ್ಟಿಗೆ ತಂದ್ರೆ ಅಗ್ಗ ಕಣೇ" ಎಂದು ಉದ್ದಕ್ಕ ಬೆಡ್‌ಶೀಟಿನ ಹಿಂದೆ ಮುಖ ಮರೆಸಿದಳು.

ಸಂಜೆ ಬಲಸಾಲಿನ ಏಳು ಟೀವಿಗಳು, ಒಂಬತ್ತು ಫ್ಯಾನುಗಳು ಗಲ್ಲಿ ದಾಟಿ ಎಡಸಾಲಿಗೆ ಬಂದವು. ಅತ್ತೆಗೆ ಆನಂದ ತಡೆಯಲಾಗಲಿಲ್ಲ. "ನಾಳೆ ಗಣತಿ, ಇವತ್ತು ಮನೆ ಖಾಲಿ ಮಾಡ್ತಾರಲ್ಲ, ತಲೇಲಿ ಏನಿದೆ ಇವರಿಗೆ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ತಲೆಯಲ್ಲಿ ಇದ್ದದ್ದು ಇಷ್ಟು. ಉದ್ದಕ್ಕನ ಭಾವ ಆ ಕಚೇರಿಯಲ್ಲಿ ನೆಲ ಒರೆಸುತ್ತಿದ್ದ. ನೆಲ ಒರೆಸುವವನಿಗೆ ಕಿವಿಯಿರುವುದಿಲ್ಲ ಎಂದು ಅಧಿಕಾರಿಗಳು ನಂಬಿದ್ದಾರೆ. ಹಾಗಾಗಿ ಅವನ ಮುಂದೆಯೇ ಮಾತಾಡಿಕೊಂಡಿದ್ದರು: ಬರುವ ತಿಂಗಳಿಂದ ಮಕ್ಕಳ ಮನೆಗೆ ಅರ್ಧ ಅನುದಾನ, ಇಪ್ಪತ್ತೇ ಮಕ್ಕಳು, ಎರಡು ಸಮುದಾಯಗಳಲ್ಲಿ ಯಾವುದು ಹೆಚ್ಚು ಕೆಟ್ಟಿದೆಯೋ ಅದಕ್ಕೆ ಕೋಣೆ. ಉದ್ದೇಶ ಹೇಳಿದರೆ ಜನ ಸುಳ್ಳು ಹೇಳುತ್ತಾರೆ, ಆದ್ದರಿಂದ ಹೇಳಬಾರದು ಎಂದೂ ತೀರ್ಮಾನವಾಗಿತ್ತು. ಅಂತೂ ಉದ್ದೇಶ ತಿಳಿದವರು ಒಂದು ಸುಳ್ಳಿಗೆ ಸಿದ್ಧರಾದರು, ತಿಳಿಯದವರು ಇನ್ನೊಂದಕ್ಕೆ.

ಭಾನುವಾರ ಗಣತಿಯವನು ಬಂದ. ಇಪ್ಪತ್ತೈದರ ಆಸುಪಾಸಿನ ಹುಡುಗ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬು, ಕಾಲಲ್ಲಿ ಅಟ್ಟೆ ಬಾಯ್ಬಿಟ್ಟ ಬೂಟು. ಮೊದಲನೇ ಮನೆಯಲ್ಲಿ ಕೆಂಪು ಸೋಫಾದ ಮೇಲೆ ಕೂತು ಪ್ರಶ್ನೆ ಕೇಳಿದ. ಎದ್ದು ಮುಂಬಾಗಿಲಿನಿಂದ ಹೊರಗೆ ಹೋಗುತ್ತಿದ್ದ ಹಾಗೆ ಹಿಂಬಾಗಿಲಿನಿಂದ ಸೋಫಾ ಹೊರಬಿತ್ತು. ಡ್ರೈವರಣ್ಣ ಮುಂದೆ, ಗಿಡ್ಡಕ್ಕನ ಗಂಡ ಹಿಂದೆ. ಚರಂಡಿಯ ಅಂಚಿನಲ್ಲಿ ಓಟ. ಅಡ್ಡ ತಿರುಗಿಸು, ಕಾಲು ಮೇಲೆ ಮಾಡು, ನಿಧಾನ, ಬೆರಳು, ಬೆರಳು! ಎರಡನೇ ಮನೆಯಲ್ಲಿ ಹುಡುಗ ಚಪ್ಪಲಿಗಳನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸೋಫಾ ಅಲ್ಲೇ ಹುಟ್ಟಿದ ಹಾಗೆ ಗೋಡೆಗೆ ಒರಗಿತ್ತು.

"ಸೋಫಾ ಇದೆಯಾ?"

"ನೀವು ಅದರ ಮೇಲೇ ಕೂತಿದ್ದೀರಲ್ಲ ಸಾರ್."

ಹುಡುಗ ತಲೆಯೆತ್ತಲಿಲ್ಲ, ಟ್ಯಾಬಿನಲ್ಲಿ ಒಂದು ಗೀಟು ಎಳೆದ. ಮೂರನೇ ಮನೆಯಲ್ಲಿ ಅವನ ಪೆನ್ನು ಕಳೆಯಿತು. ಏಳನೇ ಮನೆಯಲ್ಲಿ ಕೂತಾಗ ತೊಡೆಗೆ ಏನೋ ಚುಚ್ಚಿತು. ಸೋಫಾದ ಸಂದಿಗೆ ಕೈಹಾಕಿದರೆ ಪೆನ್ನು.

"ಇದು ನಿಮ್ಮದಾ?" ಎಂದು ಮನೆಯವಳನ್ನು ಕೇಳಿದ.

"ಇಟ್ಕೊಳ್ಳಿ ಸಾರ್. ನಮ್ಮನೇಲಿ ಬೇಕಾದಷ್ಟಿದೆ."

ಎಂಟನೇ ಮನೆಯಲ್ಲಿ ಮಾತ್ರ ಹುಬ್ಬು ಗಂಟಿಕ್ಕಿ, "ನಿಮ್ಮ ಕಡೆ ಸೋಫಾಗಳೆಲ್ಲ ಬೆಚ್ಚಗಿರ್ತವಲ್ಲ" ಎಂದ. "ಒಳ್ಳೇ ಮಾಲು ಸಾರ್" ಎಂದರು.

ಮಧ್ಯಾಹ್ನದ ಮೇಲೆ ಬಲಸಾಲು. ಅಲ್ಲಿ ಕೂರಲು ಚಾಪೆಯೂ ಇಲ್ಲ. ಗೋಡೆಯಲ್ಲಿ ಟೀವಿಯ ಮೊಳೆಗಳಷ್ಟೇ ಉಳಿದಿದ್ದವು. ಅವಕ್ಕೆ ಹರಕು ಬಟ್ಟೆ ನೇತುಹಾಕಿದ್ದರು. ಒಂದು ಮನೆಯ ತಾತ ಎರಡು ದಿನದಿಂದ ಅಭ್ಯಾಸ ಮಾಡಿದ್ದ ಕೆಮ್ಮನ್ನು ಕೆಮ್ಮಿದ. ಅಭ್ಯಾಸ ಹೆಚ್ಚಾಗಿ ನಿಜವಾಗಿಯೂ ಕೆಮ್ಮು ಹತ್ತಿಕೊಂಡು ಸೊಸೆ ಬೆನ್ನು ಗುದ್ದಬೇಕಾಯಿತು. ಉದ್ದಕ್ಕ ನೆಗ್ಗಿದ ಲೋಟದಲ್ಲಿ ನೀರು ಕೊಟ್ಟು ಬಿಟ್ಟ ನಿಟ್ಟುಸಿರಿಗೆ ಹುಡುಗ ಅದನ್ನು ಕುಡಿಯಲಾರದೆ ಹಿಂದಕ್ಕೆ ಕೊಟ್ಟ.

ಎರಡು ವಾರವಾದ ಮೇಲೆ ಲಾಂಡ್ರಿಯ ಗೇಟಿನ ನೋಟಿಸ್ ಬೋರ್ಡಿನಲ್ಲಿ ಫಲಿತಾಂಶ ಅಂಟಿಸಿದರು. ಗುಡ್ಡ ಸಮುದಾಯ: ಸುಸ್ಥಿತಿ. ಮನೆ ಹನ್ನೆರಡು, ಸೋಫಾ ಹನ್ನೆರಡು, ಟೀವಿ ಹದಿಮೂರು. ದಂಡೆ ಸಮುದಾಯ: ದುಃಸ್ಥಿತಿ. ಸೋಫಾ ಸೊನ್ನೆ, ಟೀವಿ ಸೊನ್ನೆ, ಪೌಷ್ಟಿಕತೆ ಕಡಿಮೆ.

ಸುದ್ದಿ ಮುಟ್ಟಿದ್ದೇ ಅತ್ತೆ ಮಂಡಿನೋವು ಮರೆತು ಗಲ್ಲಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು. ಅವಳ ಸಂಭ್ರಮ ಸರಿಯಾಗಿ ಅರ್ಧ ಗಂಟೆ ಬಾಳಿತು. ಅಷ್ಟರಲ್ಲಿ ಗಿಡ್ಡಕ್ಕ ಗೇಟಿನ ಹತ್ತಿರ ತುದಿಗಾಲಲ್ಲಿ ನಿಂತು ಕೊನೆಯ ಸಣ್ಣಕ್ಷರಗಳನ್ನು ಓದಿ ಮುಗಿಸಿದ್ದಳು: ಒಂದನೇ ತಾರೀಖಿನಿಂದ ಮಕ್ಕಳ ಮನೆಯ ಸೌಲಭ್ಯ ದಂಡೆ ಸಮುದಾಯಕ್ಕೆ ಮಾತ್ರ, ಸುಸ್ಥಿತಿಯಲ್ಲಿರುವ ಗುಡ್ಡ ಸಮುದಾಯ ತನ್ನ ವ್ಯವಸ್ಥೆ ತಾನೇ ಮಾಡಿಕೊಳ್ಳತಕ್ಕದ್ದು.

ಅವಳು ಬೆರಳು ಮಡಚಿ ಎಣಿಸಿದಳು. ಹನ್ನೊಂದು ದಿನ ಉಳಿದಿತ್ತು.

ಆ ದಿನ ಮಡಿಸುವ ಮೇಜಿನಲ್ಲಿ ಇಬ್ಬರೂ ಬೇಕಾದ್ದಕ್ಕಿಂತ ಜೋರಾಗಿ ಜಗ್ಗಿದರು. ಮೂವತ್ತನೇ ಬೆಡ್‌ಶೀಟಿಗೆ ಮೂಲೆ ಒಪ್ಪಿಸಲು ಹತ್ತಿರ ಬಂದಾಗ ಗಿಡ್ಡಕ್ಕ ಕೇಳಿದಳು: "ಸುಣ್ಣ ಒಣಗ್ತಾ?"

ಉದ್ದಕ್ಕ ಮೂಲೆ ಒಪ್ಪಿಸಿ ಮುಂದಿನ ಬೆಡ್‌ಶೀಟಿಗೆ ಕೈಚಾಚಿದಳು.

"ಕೇಳಿದ್ದು ಕೇಳಿಸ್ಲಿಲ್ವಾ? ಅಷ್ಟೆತ್ತರಕ್ಕೆ ಮಾತು ತಲುಪಲ್ವೇನೋ. ನನ್ನ ಮಗಳು ಚರಂಡಿ ಪಾಲಾದ್ರೂ ನಿನ್ನ ಮಗ ಒಳಗೆ ತೊಟ್ಟಿಲಲ್ಲಿ ಮಲಗ್ಲಿ, ಅಲ್ವಾ?"

"ನಾನೇನು ನಿಮ್ಮತ್ತೇಗೆ ಸೋಫಾ ಹೊತ್ತು ತಿರುಗು ಅಂದ್ನಾ?" ಎಂದಳು ಉದ್ದಕ್ಕ. "ನಿಮ್ಮೋರ ಜಂಭಕ್ಕೆ ನನ್ನ ಬೈಬೇಡ."

"ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕೋಣೆ ಹೋಗ್ತಿತ್ತು" ಎಂದು ಉದ್ದಕ್ಕ ಮೆಲ್ಲಗೆ ಹೇಳಿದಳು. "ಇಪ್ಪತ್ತೇ ಮಕ್ಕಳಿಗೆ ಅಂದ್ರು. ನೀನಾಗಿದ್ರೆ ಹೇಳ್ತಿದ್ಯಾ?"

ಗಿಡ್ಡಕ್ಕನಿಗೆ ಹೇಳುತ್ತಿದ್ದೆ ಎನ್ನಬೇಕೆನಿಸಿತು. ಆದರೆ ಬೆಡ್‌ಶೀಟಿನ ಮೂಲೆಯನ್ನು ಕಿತ್ತುಕೊಂಡು ಹಿಂದೆ ಸರಿದಳು.

ಜಗಳ ಹೀಗೆಯೇ ಮುಂದುವರಿದು ಎರಡು ಸಾಲೂ ಮುಖ ತಿರುಗಿಸಿಕೊಂಡು ಕೂತಿದ್ದರೆ ಎಷ್ಟೋ ಜನಕ್ಕೆ ಅನುಕೂಲವಾಗುತ್ತಿತ್ತು. ಕೆಡಿಸಿದವನು ಲಾಂಡ್ರಿಯ ಮ್ಯಾನೇಜರ್. ಅವನಿಗೆ ಸ್ವಲ್ಪ ತಾಳ್ಮೆ ಇರಬೇಕಿತ್ತು. ಮಾರನೇ ದಿನವೇ ವರದಿಯ ಪ್ರತಿ ಹಿಡಿದುಕೊಂಡು ಮೊದಲು ದಂಡೆಯ ಹೆಂಗಸರನ್ನು ತನ್ನ ಕೋಣೆಗೆ ಕರೆದ.

"ನಿಮ್ಮ ಪರಿಸ್ಥಿತಿ ಇಷ್ಟು ಹದಗೆಟ್ಟಿದೆ ಅಂತ ಗೊತ್ತೇ ಇರ್ಲಿಲ್ಲ ಕಣ್ರಮ್ಮಾ. ಓದಿ ಕರುಳು ಚುರುಕ್ ಅಂತು. ಇನ್ಮೇಲೆ ನಿಮಗೆ ದಿನಾ ಎರಡು ಗಂಟೆ ಹೆಚ್ಚು ಕೆಲಸ ಕೊಡ್ತೀನಿ. ಸಂಜೆ ಏಳರವರೆಗೆ."

"ಅದಕ್ಕೆ ಕೂಲಿ?" ಎಂದಳು ಉದ್ದಕ್ಕ.

"ಕೆಲಸಾನೇ ಕೊಡ್ತಿದ್ದೀನಲ್ಲಮ್ಮ! ಇಂಥ ಸ್ಥಿತೀಲಿರೋರು ಲೆಕ್ಕ ಕೇಳಬಾರದು."

ಅವರನ್ನು ಕಳಿಸಿ ಗುಡ್ಡದ ಹೆಂಗಸರನ್ನು ಕರೆದ.

"ಹನ್ನೆರಡು ಸೋಫಾ! ನನ್ನ ಮನೇಲಿರೋದೇ ಒಂದು. ಈ ವರ್ಷದ ಸಂಬಳದ ಹೆಚ್ಚಳ ನಿಮಗ್ಯಾಕೆ ಬೇಕು, ನೀವೇ ಹೇಳಿ. ಪಾಪ, ದಂಡೆಯವರನ್ನ ನೋಡಿ ಸ್ವಲ್ಪ."

ಹೋಲಿಕೆಯೆಂಬ ಈ ಚೂರಿಗೆ ಎರಡೂ ಕಡೆ ಅಲಗು. ಹಿಡಿ ಮಾತ್ರ ಮೂರನೆಯವನ ಮುಷ್ಟಿಯಲ್ಲಿ. ಕೆಟ್ಟಿದ್ದೀರಿ ಎಂದು ಇವರ ದುಡಿಮೆ ಹೆಚ್ಚಿಸಿದ, ಚೆನ್ನಾಗಿದ್ದೀರಿ ಎಂದು ಅವರ ಕೂಲಿ ತಡೆದ. ಎರಡು ಸಾಲಿನವರೂ ಪಡೆಯುವ ಸಂಬಳ ಮೊದಲ ದಿನದಿಂದಲೂ ಒಂದೇ ಎಂಬ ಒಂದು ಸಾಲು ಆ ನಲವತ್ತು ಪುಟದ ವರದಿಯಲ್ಲಿ ಎಲ್ಲೂ ಇರಲಿಲ್ಲ.

ಉದ್ದಕ್ಕ ಮೇಜಿಗೆ ವಾಪಸ್ಸು ಬಂದಳು. ಮಕ್ಕಳ ಮನೆ ಮುಚ್ಚುವುದು ಐದಕ್ಕೆ. ಇನ್ನು ಇವಳು ಮನೆಗೆ ಬರುವುದು ಏಳಕ್ಕೆ. ಆ ಎರಡು ಗಂಟೆ ಅವಳ ಮಗನೂ ಚರಂಡಿಯ ಅಂಚಿನಲ್ಲೇ. ಹದಿನೈದು ಬೆಡ್‌ಶೀಟಿನಷ್ಟು ಹೊತ್ತು ಲೆಕ್ಕ ಹಾಕಿ ಕೊನೆಗೆ ಹೇಳಿದಳು:

"ಲೇ ಗಿಡ್ಡಿ, ಬೈಯೋದಾದ್ರೆ ಈಗ ಬೈದು ಮುಗಿಸ್ಬಿಡು. ಆಮೇಲೆ ಕೆಲಸ ಇದೆ."

"ಕತ್ತೆ" ಎಂದಳು ಗಿಡ್ಡಕ್ಕ.

"ಅಷ್ಟೇನಾ?"

"ಉಳಿದದ್ದು ಸಂಜೆಗೆ. ಏನು ಕೆಲಸ ಹೇಳು."

ನೋಟಿಸಿನ ಕೆಳಗೆ ಇನ್ನೊಂದು ಸಾಲಿತ್ತು: ಆಕ್ಷೇಪಣೆಯಿದ್ದಲ್ಲಿ ಏಳು ದಿನದೊಳಗೆ, ಕೆಲಸ ಕೊಟ್ಟವರ ಸಹಿ ಮತ್ತು ಸೀಲಿನೊಂದಿಗೆ, ಮರುಪರಿಶೀಲನೆಗೆ ಅರ್ಜಿ. ಇಬ್ಬರೂ ಕೂತು ಬರೆದು, ಎರಡು ಸಾಲಿನ ಸಹಿ ಹಾಕಿಸಿ ಮ್ಯಾನೇಜರ್ ಮುಂದೆ ಇಟ್ಟರು. ಅವನು ಕಾಗದವನ್ನು ಬೆರಳ ತುದಿಯಿಂದ ಹಿಂದೆ ನೂಕಿದ.

"ವರದಿ ಅಂದ್ರೆ ವರದಿ. ಕಚೇರಿಯೋರು ಸುಮ್ನೆ ಬರೀತಾರಾ? ವರದಿ ಪ್ರಕಾರ ನಡ್ಕೊಳ್ಳೋದು ಕಲೀರಿ."

"ವರದಿ ಪ್ರಕಾರಾನೇ ಸಾರ್?" ಎಂದಳು ಗಿಡ್ಡಕ್ಕ.

"ಅಕ್ಷರಶಃ."

ಮರುದಿನ ಬೆಳಿಗ್ಗೆ ಸೈರನ್ ಕೂಗಿತು. ರೋಲರ್ ಬಿಸಿಯಾಯಿತು. ಮೊದಲ ಬೆಡ್‌ಶೀಟು ಹೊರಬಂತು. ಉದ್ದಕ್ಕ ಎರಡು ಮೂಲೆ ಹಿಡಿದಳು, ಕಣ್ಣು ತೇಲಿಸಿದಳು, ಬಿಟ್ಟಳು. ಬೆಡ್‌ಶೀಟು ನೆಲಕ್ಕೆ ಬಿತ್ತು. ಎಲ್ಲ ಮೇಜುಗಳಲ್ಲೂ ದಂಡೆಯ ಹೆಂಗಸರು ಮೂಲೆ ಬಿಟ್ಟರು.

"ಏನಿದು?" ಎಂದು ಮ್ಯಾನೇಜರ್ ಓಡಿಬಂದ.

"ದುಃಸ್ಥಿತಿ ಸಾರ್" ಎಂದಳು ಉದ್ದಕ್ಕ, ಗಂಟಲಲ್ಲೇ. "ಕೈಯಲ್ಲಿ ತ್ರಾಣ ಇಲ್ಲ. ಪೌಷ್ಟಿಕತೆ ಕಡಿಮೆ. ಎರಡನೇ ಪುಟ ನೋಡಿ."

ಅವನು ಗುಡ್ಡದ ಹೆಂಗಸರ ಕಡೆ ತಿರುಗಿದ. ಗಿಡ್ಡಕ್ಕ ಹಿಂದಿನ ದಿನ ಮಡಿಸಿಟ್ಟ ಬೆಡ್‌ಶೀಟಿನ ರಾಶಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಕಾಲು ನೆಲ ಮುಟ್ಟುತ್ತಿರಲಿಲ್ಲ. ಆದರೂ ಗತ್ತಿಗೆ ಕೊರತೆಯಿರಲಿಲ್ಲ.

"ನೀವಾದ್ರೂ ಎತ್ರಮ್ಮಾ!"

"ನಮಗ್ಯಾಕೆ ಸಾರ್ ಈ ಮೈನೋವು? ಸುಸ್ಥಿತಿಯೋರು ನಾವು. ಕೂತು ಅಭ್ಯಾಸ. ಇಲ್ಲಿ ಒಂದು ಸೋಫಾ ಹಾಕ್ಸಿ, ಆಮೇಲೆ ಯೋಚನೆ ಮಾಡೋಣ."

ರೋಲರಿಗೆ ವರದಿ ಗೊತ್ತಿಲ್ಲ. ಅದು ಬೆಡ್‌ಶೀಟುಗಳನ್ನು ಉಗುಳುತ್ತಲೇ ಇತ್ತು. ನೆಲದ ಮೇಲೆ ಬಿಳಿ ಗುಡ್ಡವೊಂದು ಏಳತೊಡಗಿತು; ಮ್ಯಾನೇಜರ್ ಒಂದು ಬೆಡ್‌ಶೀಟನ್ನು ತಾನೇ ಹಿಡಿದು ಮಡಿಸಲು ಹೋಗಿ ಅದರೊಳಗೆ ಸುತ್ತಿಕೊಂಡ. ಹೊರಗೆ ಹೋಟೆಲಿನ ವ್ಯಾನು ಹಾರ್ನ್ ಬಾರಿಸತೊಡಗಿತು. ಮೂರನೇ ಹಾರ್ನಿಗೆ ಅವನು ಬೆಡ್‌ಶೀಟಿನ ಒಳಗಿನಿಂದಲೇ ಕೂಗಿದ: "ಎಲ್ಲಿ ಆ ಅರ್ಜಿ? ಸೀಲು ತನ್ನಿ!"

ಮರುಪರಿಶೀಲನೆ ಭಾನುವಾರಕ್ಕೆ ನಿಗದಿಯಾಯಿತು. ಶನಿವಾರ ಹಗಲು ಬೆಳಕಿನಲ್ಲೇ, ಎಲ್ಲರೂ ನೋಡುವಂತೆ, ಉದ್ದಕ್ಕ ಎಡಸಾಲಿನಲ್ಲೇ ಉಳಿದಿದ್ದ ತನ್ನ ಟೀವಿಯನ್ನು ಹೊತ್ತು ಗಲ್ಲಿ ದಾಟಿ ಮನೆಗೆ ಬಂದಳು. ಅವಳ ಹಿಂದೆ ಉಳಿದ ಆರು ಟೀವಿಗಳೂ ಫ್ಯಾನುಗಳೂ. ಅತ್ತ ಕಡೆ ಸಲೀಸಾಯಿತು. ಕಷ್ಟವಿದ್ದದ್ದು ಇತ್ತ ಕಡೆ.

"ಬಂದ ಹುಡುಗನ್ನ ಬರೀ ನೆಲದ ಮೇಲೆ ಕೂರ್ಸೋದಾ? ನನ್ನ ಕೈಲಾಗಲ್ಲ" ಎಂದಳು ಅತ್ತೆ. "ಗುಡ್ಡ ಬಿಟ್ಟಾಗ ಮೈಮೇಲಿನ ಸೀರೆ ಒಂದೇ ಇತ್ತು. ಅವತ್ತೂ ಒಬ್ಬರ ಮುಂದೆ ಇಲ್ಲ ಅನ್ನಲಿಲ್ಲ ನಾನು."

"ಆಯ್ತು ಅತ್ತೆ. ಸೋಫಾ ತರಿಸೋಣ. ಹಾಗಾದ್ರೆ ಒಂದನೇ ತಾರೀಖಿನಿಂದ ಪುಟ್ಟೀನ ನೀವೇ ನೋಡ್ಕೊಳ್ಳಿ. ಎಂಟರಿಂದ ಐದು."

ಅತ್ತೆ ಮೊಮ್ಮಗಳ ಕಡೆ ನೋಡಿದಳು. ಪುಟ್ಟಿ ಕಿಟಕಿಯ ಸರಳು ಹತ್ತಿ ಅರ್ಧ ದಾರಿ ಮುಗಿಸಿದ್ದಳು. ಅತ್ತೆ ತನ್ನ ಮಂಡಿ ನೋಡಿಕೊಂಡಳು. "ಅವಳನ್ನ ಇಳಿಸು ಮೊದಲು" ಎಂದಳು. ಅದೇ ಒಪ್ಪಿಗೆ.

ಭಾನುವಾರ ಅದೇ ಹುಡುಗ ಬಂದ. ಗಿಡ್ಡಕ್ಕನ ಮನೆಯಿಂದಲೇ ಶುರು. ಅತ್ತೆ ಅವನನ್ನು ನೆಲ ತೋರಿಸಿ ಕೂರಿಸಿದಳು. ಕೂರಿಸುವಾಗ ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಗಿಡ್ಡಕ್ಕ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಸೋಫಾ ಇದೆಯಾ ಅಜ್ಜಿ?"

ಉತ್ತರ ಬರಲು ಎಷ್ಟು ಹೊತ್ತಾಯಿತೆಂದರೆ ಹುಡುಗ ಟ್ಯಾಬಿನಿಂದ ತಲೆಯೆತ್ತಿದ.

"ಇಲ್ಲ" ಎಂದಳು ಅತ್ತೆ.

"ಟೀವಿ?"

"ಇಲ್ಲ." ಇದು ಸ್ವಲ್ಪ ಬೇಗ ಬಂತು.

ಅಷ್ಟರಲ್ಲಿ ಹಿಂಬಾಗಿಲ ಮೇಲೆ ಏನೋ ಮೆತ್ತಗೆ ತಟ್ಟಿತು. ಗಿಡ್ಡಕ್ಕ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದಳು: "ಯಾರದು?"

"ನಾನಮ್ಮಾ, ಡ್ರೈವರು. ಬಾಗಿಲು ತೆಗಿ."

"ಇವತ್ತು ಏನೂ ತರಬೇಡಿ ಅಂತ ಹತ್ತು ಸಲ ಹೇಳಿದ್ದೀನಲ್ಲಣ್ಣಾ!"

"ಗೊತ್ತು ಗೊತ್ತು. ಆದ್ರೂ ಪಾಪ, ಆ ಹುಡುಗನ್ನ ನಿಮ್ಮತ್ತೆ ನೆಲದ ಮೇಲೆ ಕೂರಿಸವ್ರಂತಲ್ಲ. ಕಿಟಕೀಲಿ ನೋಡಿ ಎಲ್ಲರಿಗೂ ಹೊಟ್ಟೆ ಉರೀತು. ಒಂದು ಕುರ್ಚಿನಾದ್ರೂ ತಗೊಳ್ಳೇ."

"ಕುರ್ಚ್ಯಾ? ಸದ್ದು ಕುರ್ಚೀದಲ್ಲ."

"ಕುರ್ಚಿ ಹಿಂದೆ ಸೋಫಾನೂ ಇದೆ. ಹೆಂಗೂ ತಂದ್ಬಿಟ್ಟಿದ್ದೀವಿ. ಬೇಗ ತೆಗಿ, ನಿನ್ನ ಗಂಡನ ಒಂದು ಕಾಲು ಚರಂಡೀಲಿದೆ."

ಗಿಡ್ಡಕ್ಕ ಹಿಮ್ಮಡಿ ಊರಿ ಬಾಗಿಲನ್ನು ಒತ್ತಿ ಹಿಡಿದಳು. ಆಚೆಯಿಂದ ಹನ್ನೆರಡು ಮನೆಯ ಮಮತೆ ಒತ್ತುತ್ತಿತ್ತು, ಈಚೆಯಿಂದ ಅವಳೊಬ್ಬಳು. ಚಿಲಕ ಕುಣಿಯಿತು. ಇಲ್ಲಿ ಅತ್ತೆ ಫ್ಯಾನು ಇಲ್ಲ, ಕಪಾಟು ಇಲ್ಲ, ಗಾಜಿನ ಲೋಟ ಇಲ್ಲ ಎಂದು ಒಂದೊಂದೇ ಮುಗಿಸುತ್ತಿದ್ದಳು.

"ಹಿಂದೆ ಏನೋ ಸದ್ದು ಬರ್ತಿದೆಯಲ್ಲ?" ಎಂದ ಹುಡುಗ.

ಅತ್ತೆ ಬಾಗಿಲ ಕಡೆ ನೋಡಿದಳು, ಸೊಸೆಯನ್ನು ನೋಡಿದಳು.

"ಸುಸ್ಥಿತಿ ಕಣಪ್ಪಾ" ಎಂದಳು. "ಒಳಗೆ ಬರ್ತೀನಿ ಅಂತ ಹಟ ಹಿಡಿದಿದೆ. ಇವಳು ಬಿಡ್ತಾ ಇಲ್ಲ."

ಹುಡುಗ ಎದ್ದು ಬಂದ. ಗಿಡ್ಡಕ್ಕ ಪಕ್ಕಕ್ಕೆ ಸರಿಯಬೇಕಾಯಿತು. ಬಾಗಿಲು ತೆರೆದರೆ ಮುಂದೆ ಕುರ್ಚಿ, ಹಿಂದೆ ಕೆಂಪು ಸೋಫಾ, ಅದರ ಕೆಳಗೆ ಬೆವರುತ್ತಿದ್ದ ನಾಲ್ಕು ಗಂಡಸರು, ಓಣಿಯುದ್ದಕ್ಕೂ ಪರದೆ, ಲೋಟ, ಹೂಜಿ ಹಿಡಿದು ಸರದಿಯಲ್ಲಿ ನಿಂತ ಹೆಂಗಸರು. ಹುಡುಗನಿಗೆ ಸೋಫಾವನ್ನು ಗುರುತು ಹಿಡಿಯಲು ಹೊತ್ತಾಗಲಿಲ್ಲ. ಅದರ ಮಧ್ಯದಲ್ಲಿ ಹನ್ನೆರಡು ಸಲ ಮುಳುಗಿದ್ದನಲ್ಲ. ಅವರು ಅದನ್ನು ಅಲ್ಲೇ ಇಳಿಸಿದರು. ಅವನು ಅಲ್ಲೇ, ಓಣಿಯಲ್ಲೇ ಅದರ ಮೇಲೆ ಕುಸಿದ.

"ಒಂದೇ?" ಎಂದ.

"ಒಂದೇ" ಎಂದ ಡ್ರೈವರಣ್ಣ, ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು.

"ನನ್ನ ಕಥೆ ಮುಗೀತು" ಎಂದ ಹುಡುಗ. "ಒಂದು ಅಂತ ಬರೆದ್ರೆ, ಹೋದ ಸಲ ಹನ್ನೆರಡು ಅಂತ ಬರೆದ ದಡ್ಡ ಯಾರು ಅಂತ ಕೇಳ್ತಾರೆ. ನಂದು ದಿನಗೂಲಿ ಅಜ್ಜಿ. ನಾಳೆಯಿಂದ ಬರಬೇಡ ಅಂತಾರೆ. ಕ್ಷಮಿಸಿ. ಇದ್ದ ಹಾಗೇ ಇರ್ಲಿ, ಹನ್ನೆರಡೇ ಇರ್ಲಿ."

ಗಿಡ್ಡಕ್ಕ ಅವನನ್ನು ಬೈಯಲು ಮುಂದೆ ಬಂದು ಕೆಳಗೆ ನೋಡಿದಳು. ಅವನ ಬೂಟಿನ ಬಾಯಿ ಅವಳ ಕಡೆಯೇ ತೆರೆದುಕೊಂಡಿತ್ತು. ಮಂಡಿ ಹಿಡಿದುಕೊಂಡು ಅತ್ತೆ ಹೊಸ್ತಿಲಿಗೆ ಬಂದಳು.

"ಏ ತಮ್ಮಾ, ಬರಕೋ. ಹುಡುಗನ ತಪ್ಪಲ್ಲ. ಅವನು ನೋಡಿದ್ದನ್ನೇ ಬರೆದ. ಅವನಿಗೆ ಮೋಸ ಮಾಡಿದೋರು ನಾವು. ಸೋಫಾ ಹೊತ್ತು ಮುಂದೆ ಮುಂದೆ ಓಡಿದೋರು ನಾವು. ಹೊರಿಸಿದೋಳು ನಾನು."

"ಅಜ್ಜಿ, ಇದಕ್ಕೆ ನೀವು ಸಹಿ ಹಾಕ್ಬೇಕಾಗತ್ತೆ. ತಪ್ಪೊಪ್ಪಿಗೆ ಅಂತಾರೆ ಇದನ್ನ."

"ಅನ್ನಲಿ. ಕೊಡು."

ಅವನು ಚೀಲದಿಂದ ಕಾಗದ ತೆಗೆದು ಬರೆದುಕೊಟ್ಟ. ಅತ್ತೆ ನೆಲದ ಮೇಲೆ ಕೂತು ಒಂದೊಂದೇ ಅಕ್ಷರ ಕೊರೆದಳು. "ಕಚೇರಿ ಕಾಗದದ ಮೇಲೆ ಇದೇ ಮೊದಲ ಸಲ ಹೆಸರು ಬರೀತಿರೋದು" ಎಂದಳು. "ಅದೂ ಕಳ್ಳಿ ಅಂತ. ಇರ್ಲಿ ಬಿಡು, ಅಕ್ಷರ ದುಂಡಗಿದೆ." ಆಮೇಲೆ ಹನ್ನೊಂದು ಮನೆಯವರೂ ಬಾಗಿ ಸಹಿ ಹಾಕಿದರು. ಸದ್ದು ಕೇಳಿ ಓಣಿಗೆ ಬಂದ ಉದ್ದಕ್ಕ ಕಾಗದವನ್ನು ಇಸಿದುಕೊಂಡು ಓದಿದಳು.

"ಕೆಳಗೆ ನಮ್ಮದೂ ಸೇರಿಸಿ ಸಾರ್. ಏಳು ಟೀವಿ, ಒಂಬತ್ತು ಫ್ಯಾನು ನಮ್ಮದು. ತಾತನ ಕೆಮ್ಮು ಸುಳ್ಳು."

"ಅದು ಈಗ ನಿಜ ಕಣೇ!" ಎಂದು ಯಾರೋ ಹಿಂದಿನಿಂದ ಕೂಗಿದರು.

ತಿದ್ದುಪಡಿಯಾದ ವರದಿ ತಿಂಗಳ ಕೊನೆಯ ದಿನ ಬಂತು. ಅದರಲ್ಲಿ ಒಂದೇ ಸಾಲು ಓದುವಂತಿತ್ತು: ಎರಡು ಸಮುದಾಯಗಳ ಆರ್ಥಿಕ ಸ್ಥಿತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ. ಹೀಗಾದ ಮೇಲೆ ಯಾರಿಗೆ ಕೋಣೆ ಕೊಡಬೇಕು, ಯಾರಿಂದ ಕಿತ್ತುಕೊಳ್ಳಬೇಕು ಎಂಬುದು ಕಚೇರಿಗೆ ಬಗೆಹರಿಯಲಿಲ್ಲ. ಬಗೆಹರಿಯುವವರೆಗೆ ಮೊದಲಿದ್ದಂತೆಯೇ ನಲವತ್ತು ಮಕ್ಕಳೂ ಇರಲಿ ಎಂದು ಆದೇಶವಾಯಿತು. ಇಬ್ಬರನ್ನೂ ಸಮನಾಗಿ ಕೆಡಿಸಿಟ್ಟವರು ಯಾರು ಎಂಬ ಸಮೀಕ್ಷೆಗೆ ಮಾತ್ರ ಇನ್ನೂ ಯಾರೂ ಟ್ಯಾಬು ಹಿಡಿದು ಬಂದಿಲ್ಲ. ಗಣತಿಯ ಹುಡುಗನ ಕೆಲಸ ಉಳಿಯಿತು. ಮ್ಯಾನೇಜರ್ ಎರಡು ಗಂಟೆಯ ಮಾತನ್ನು ಮತ್ತೆ ಎತ್ತಲಿಲ್ಲ. ಹೆಚ್ಚಳದ ಮಾತು ಎತ್ತಿದರೆ, ಬೇರೆ ಲಾಂಡ್ರಿಗಳ ಜೊತೆ ಹೋಲಿಸಿ ನೋಡಿ ಹೇಳುತ್ತೇನೆ ಎನ್ನುತ್ತಾನೆ. ಆ ಲಾಂಡ್ರಿಗಳ ಹೆಂಗಸರ ಜೊತೆ ಉದ್ದಕ್ಕ ಆಗಲೇ ಮಾತಾಡಿ ಬಂದಿದ್ದಾಳೆ ಎಂದು ಅವನಿಗೆ ಗೊತ್ತಿಲ್ಲ.

ಒಂದನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ. ಗಿಡ್ಡಕ್ಕ ಪುಟ್ಟಿಯ ತಲೆ ಬಾಚಿ, ಕೈಹಿಡಿದು ಮಕ್ಕಳ ಮನೆಯ ಬಾಗಿಲಿಗೆ ಬಂದಳು. ಒಳಗಿನಿಂದ ಆಯಾ ಕೈಚಾಚಿದಳು. ಪುಟ್ಟಿ ಹೊಸ್ತಿಲ ಮೇಲೆ ಕೂತು, ಎರಡೂ ಕೈಯಿಂದ ಬಾಗಿಲ ಚೌಕಟ್ಟು ತಬ್ಬಿಕೊಂಡು, ಗಲ್ಲಿಗೆಲ್ಲ ಕೇಳುವಂತೆ ಕಿರುಚಿದಳು:

"ನಾನು ಹೋಗಲ್ಲಾ! ಮನೇಲೇ ಇರ್ತೀನಿ!"

"ಏನಂದೆ?" ಎಂದಳು ಗಿಡ್ಡಕ್ಕ.

"ಹೋಗಲ್ಲಾ!"

ಲಾಂಡ್ರಿಯ ಸೈರನ್ ಕೂಗಿತು. ಗಿಡ್ಡಕ್ಕ ಮಗಳ ಬೆರಳುಗಳನ್ನು ಒಂದೊಂದಾಗಿ ಚೌಕಟ್ಟಿನಿಂದ ಬಿಡಿಸತೊಡಗಿದಳು. ಒಂದು ಬಿಡಿಸಿದರೆ ಎರಡು ಅಂಟಿಕೊಳ್ಳುತ್ತಿದ್ದವು. ಅವಳಿಗೆ ನಗು ಬಂತು, ಅಳುವೂ ಬಂತು, ಯಾವುದಕ್ಕೂ ಹೊತ್ತಿರಲಿಲ್ಲ. ಹತ್ತನೇ ಬೆರಳು ಬಿಟ್ಟ ಕೂಡಲೇ ಮಗಳನ್ನು ಆಯಾಳ ಸೊಂಟಕ್ಕೆ ಏರಿಸಿ, ಸೆರಗು ಸಿಕ್ಕಿಸಿಕೊಂಡು, ಗೇಟಿನ ಕಡೆ ಓಡಿದಳು.